ಚಿತ್ರಪಟದಲ್ಲಿ ಅಂಗವಿಕಲರು
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತರಗತಿಯಲ್ಲಿ ಕುಂಟುತ್ತ ನಡೆಯುವ ಬಾಲಕನೊಬ್ಬನಿದ್ದನು. ಚಿತ್ರವೊಂದರಲ್ಲಿ ಕಂಡ ಹಾಸ್ಯಪಾತ್ರದ ಹೆಸರನ್ನು ಸಹಪಾಠಿಗಳು ಅವನಿಗೆ ಇಟ್ಟರು. ತರಗತಿಯೆಲ್ಲ ನಕ್ಕಿತು, ನಾವೂ ಮುಗುಳ್ನಕ್ಕೆವು. ಮರುದಿನ ಅವನು ಶಾಲೆಗೆ ಬರಲಿಲ್ಲ. ಆ ನಗೆಗಾಗಿ ನಾವು ಇಂದಿಗೂ ನಾಚುತ್ತೇವೆ.

ಚಿತ್ರಪಟವು ಅಂಗವಿಕಲರನ್ನು ಬಹುಮಟ್ಟಿಗೆ ನಗಿಸುವುದಕ್ಕೆ, ಇಲ್ಲವೆ ಅಳಿಸುವುದಕ್ಕೆ ಬಳಸಿಕೊಂಡಿದೆ. ಮನುಷ್ಯರನ್ನಾಗಿ ಕಂಡುದು ವಿರಳ. ವಿರಳವೇ ಹೊರತು ಇಲ್ಲವೆಂದಲ್ಲ. 1964ರಲ್ಲಿ ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿದ 'ನಾಂದಿ'ಯಲ್ಲಿ ಹರಿಣಿಯವರು ಕಿವಿ ಕೇಳದ, ಮಾತು ಬಾರದ ಹೆಣ್ಣಾಗಿ ನಟಿಸಿದರು. ಅವಳು ಶಾಲಾ ಉಪಾಧ್ಯಾಯನ ಮಡದಿ, ಮನೆಯ ಗೃಹಿಣಿ, ವಿದೂಷಕಿಯಲ್ಲ. ಅದಕ್ಕೂ ಮೊದಲು, 1946ರ ಅಮೆರಿಕದ 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಚಿತ್ರದಲ್ಲಿ, ಸೈನ್ಯದಲ್ಲಿದ್ದಾಗ ಎರಡೂ ಕೈಗಳನ್ನು ಕಳೆದುಕೊಂಡ ಹೆರಾಲ್ಡ್ ರಸೆಲ್ ಅಂಥದೇ ಯೋಧನ ಪಾತ್ರವನ್ನು ತಾನೇ ವಹಿಸಿದನು. ಮಲಗುವ ಮುನ್ನ ಲೋಹದ ಕೊಕ್ಕೆಗಳನ್ನು ಕಳಚಿಟ್ಟು, ತನ್ನನ್ನು ವರಿಸಲಿರುವವಳಿಗೆ ತನ್ನ ಸ್ಥಿತಿಯನ್ನು ಮರೆಮಾಚದೆ ತೋರುವ ಆ ದೃಶ್ಯದಲ್ಲಿ ಅಪಹಾಸ್ಯವಿಲ್ಲ, ಕೃತಕ ಕಣ್ಣೀರೂ ಇಲ್ಲ.

2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗವಿಕಲರನ್ನು ಹೀಗಳೆಯುವ ಹಾಸ್ಯವನ್ನು, ಅವರ ಬಾಳನ್ನು ಅರಿಯಲು ನೆರವಾಗುವ ಹಾಸ್ಯದಿಂದ ಬೇರ್ಪಡಿಸಿ, ಚಿತ್ರ ತಯಾರಿಸುವವರಿಗೆ ಮಾರ್ಗಸೂಚಿಗಳನ್ನು ನೀಡಿತು. ಆದರೆ ಚಿತ್ರಮಂದಿರದಲ್ಲಿ ಮಗುವಿನ ಪಕ್ಕದಲ್ಲಿ ಕುಳಿತಿರುವವರು ನ್ಯಾಯಾಧೀಶರಲ್ಲ, ನಾವು. ಆಡುವ ನುಡಿಗಾಗಿ ನಗೆಗೀಡಾಗುವ ನೋವನ್ನು ಬಲ್ಲ ಗಡಿನಾಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮೂರನೆಯ ದಿನ ಆ ಬಾಲಕನು ಬಂದನು. ತರಗತಿಯ ಎದುರಿನಲ್ಲಿಯೇ ಅವನನ್ನು ಅವನ ಸ್ವಂತ ಹೆಸರಿನಿಂದ ಕರೆದು ನಾವು ಕ್ಷಮೆ ಬೇಡಿದೆವು. ಚಿತ್ರ ನೋಡಿ ಮರಳುವಾಗ ಮಕ್ಕಳ ಬಾಯಲ್ಲಿ ಅಂಥ ಅಡ್ಡಹೆಸರು ಬಂದರೆ, ದಾರಿಯಲ್ಲಿಯೇ ತಡೆದು ತಿದ್ದೋಣ.