ಹಲ್ಲಿನ ಪಾಠ ಶಾಲೆಯಲ್ಲೇ ಆಗಲಿ



ಹಲ್ಲುಜ್ಜುವ ವಿಷಯ ಭಾಷಣಕ್ಕೆ ತೀರಾ ಚಿಕ್ಕದು ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತಿತ್ತು. ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆ ಅಭಿಪ್ರಾಯ ಬದಲಿಸಿದಳು.

ಪದ್ಯ ಓದಲು ಎಬ್ಬಿಸಿದಾಗಲೆಲ್ಲ ಅವಳು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ಮೆಲ್ಲಗೆ ಗೊಣಗುತ್ತಿದ್ದಳು. ನಾಚಿಕೆ ಎಂದುಕೊಂಡು "ಗಟ್ಟಿಯಾಗಿ ಓದು" ಎಂದು ಗದರಿದ್ದೂ ಉಂಟು. ಒಂದು ದಿನ ಕೆನ್ನೆ ಊದಿಸಿಕೊಂಡು ಬಂದಳು. ದವಡೆಹಲ್ಲು ಹುಳುಕಾಗಿ ತಿಂಗಳುಗಳೇ ಕಳೆದಿದ್ದವು. "ಹಾಲುಹಲ್ಲು, ಬಿದ್ದು ಬೇರೆ ಬರುತ್ತೆ ಅಂತ ಅಮ್ಮಿ ಹೇಳಿದ್ರು ಟೀಚರ್" ಎಂದಳು. ದಂತವೈದ್ಯರು ನೋಡುವ ಹೊತ್ತಿಗೆ ಕೀಳುವುದೊಂದೇ ದಾರಿ ಉಳಿದಿತ್ತು.

ಆ ತಾಯಿಯನ್ನು ದೂರುವಂತಿಲ್ಲ. ಮೊದಲ ಶಾಶ್ವತ ದವಡೆಹಲ್ಲು ಸುಮಾರು 6ನೇ ವಯಸ್ಸಿಗೆ, ಯಾವ ಹಾಲುಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಮೂಡುತ್ತದೆ. ಅನೇಕರು ಅದನ್ನು ಹಾಲುಹಲ್ಲೆಂದೇ ತಿಳಿಯುತ್ತಾರೆ. 13 ವರ್ಷದ ಹೊತ್ತಿಗೆ ಸಾಮಾನ್ಯವಾಗಿ 28 ಶಾಶ್ವತ ಹಲ್ಲುಗಳು ಬಂದಿರುತ್ತವೆ. ವಿದ್ಯಾರ್ಥಿಗಳೇ, ಈಗ ನಿಮ್ಮ ಬಾಯಲ್ಲಿರುವುದು ಮುಪ್ಪಿನವರೆಗೆ ಬೇಕಾದ ಹಲ್ಲುಗಳು. ಹೋದರೆ ಮತ್ತೆ ಹುಟ್ಟುವುದಿಲ್ಲ.

ಆ ಘಟನೆಯ ನಂತರ ತರಗತಿಯಲ್ಲಿ 'ನನ್ನ ದಿನಚರಿ' ಎಂಬ ಪ್ರಬಂಧ ಬರೆಸಿದೆ. ಎಲ್ಲರೂ ಬೆಳಿಗ್ಗೆ ಹಲ್ಲುಜ್ಜಿದ್ದರು. ರಾತ್ರಿ ಉಜ್ಜಿದವರು ಮೂರೋ ನಾಲ್ಕೋ ಮಂದಿ. ಬಾಯಿಯ ಬ್ಯಾಕ್ಟೀರಿಯಾಗಳು ಉಳಿದ ಸಕ್ಕರೆ, ಹಿಟ್ಟಿನ ಅಂಶಗಳನ್ನು ತಿಂದು ಆಮ್ಲ ಉಂಟುಮಾಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಅದನ್ನು ತೊಳೆಯುವವರಿಲ್ಲ. ಆದ್ದರಿಂದ ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ 2 ನಿಮಿಷ ಉಜ್ಜುವುದು ಬಹು ಮುಖ್ಯ.

ನಮ್ಮ ಹಿರಿಯರಿಗೆ ಮಿಸ್ವಾಕ್ ವುಜೂವಿನ ಜೊತೆಗಿನ ಸುನ್ನತ್ತು. ಬಾಯಿಯ ಶುಚಿತ್ವ ನಮಗೆ ಹೊರಗಿನಿಂದ ಬಂದ ಪಾಠವಲ್ಲ. ಆದರೆ ಹದಿಹರೆಯದವರಿಗೆ ಬರೀ ಉಪದೇಶ ನಾಟುವುದಿಲ್ಲ, ಅಭ್ಯಾಸ ಮಾಡಿಸಬೇಕು. ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮಧ್ಯಾಹ್ನದ ಊಟದ ನಂತರ ಎಲ್ಲರೂ ಒಟ್ಟಿಗೆ ಬಾಯಿ ಮುಕ್ಕಳಿಸಲಿ, ನಾವೂ ಅವರ ಜೊತೆ ನಿಲ್ಲೋಣ. ವಾರಕ್ಕೊಮ್ಮೆ ರಾತ್ರಿಯ ಹಲ್ಲುಜ್ಜುವಿಕೆ ವಿಚಾರಿಸೋಣ. ಯಾರನ್ನೂ ಎಲ್ಲರೆದುರು ನಾಚಿಸುವುದು ಬೇಡ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹಲ್ಲಿನ ಹುಳುಕೂ ಸೇರಿದೆ. ತಂಡ ಶಾಲೆಗೆ ಬಂದಾಗ ಪೋಷಕರನ್ನೂ ಕರೆಸೋಣ.

ಇನ್ನೊಂದು ಮಾತು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಹುಡುಗರೇ, ತಂಬಾಕಿಲ್ಲದ ಅಡಿಕೆಯ ಪೊಟ್ಟಣವೂ ನಿರಪಾಯವಲ್ಲ. ಅಡಿಕೆ ಜಗಿಯುವ ಚಟದಿಂದ ಬಾಯಿ ತೆರೆಯಲಾಗದ ರೋಗ ಬರುತ್ತದೆ, ಅದು ಕ್ಯಾನ್ಸರಿಗೂ ದಾರಿಯಾಗಬಹುದು.

ಆ ಹುಡುಗಿ ಈಗ ದುಪಟ್ಟಾ ಸರಿಸಿ ಓದುತ್ತಾಳೆ. ರಾತ್ರಿ ತಮ್ಮಂದಿರನ್ನೂ ಎಬ್ಬಿಸಿ ಹಲ್ಲುಜ್ಜಿಸುತ್ತಾಳಂತೆ. ಅವಳ ಒಂದು ಹಲ್ಲನ್ನು ನಾನು ಉಳಿಸಲಾರದೆ ಹೋದೆ. ನಿಮ್ಮ ಹಲ್ಲುಗಳು ಉಳಿಯಲಿ ಎಂದೇ ಇಷ್ಟು ಹೇಳಿದೆ.