ಸಮಸ್ಯೆಯ ಮೂಲಕ ಸಮಾಜಪಾಠ



ಪ್ರಾಥಮಿಕ ಶಾಲೆಗಳಲ್ಲಿ ಸಮಾಜವಿಷಯವನ್ನು ಸಮಸ್ಯೆಗಳ ಮೂಲಕ ಬೋಧಿಸುವ ವಿಚಾರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಈ ಪಾಠವು ನಮ್ಮಲ್ಲಿ ಬಹುಮಟ್ಟಿಗೆ ಪ್ರಶ್ನೋತ್ತರಗಳನ್ನು ಉರುಹೊಡೆಯುವ ಕೆಲಸವಾಗಿ ಪರಿಣಮಿಸಿರುವುದು ತಮಗೆ ವಿದಿತವೇ ಆಗಿದೆ. ಪಂಚಾಯತಿಯ ಕರ್ತವ್ಯಗಳಾವುವೆಂದರೆ ಬಾಲಕನು ತಡೆಯಿಲ್ಲದೆ ಒಪ್ಪಿಸುವನು. ತನ್ನ ಬೀದಿಯ ಚರಂಡಿ ಕಟ್ಟಿಕೊಂಡರೆ ಯಾರಲ್ಲಿ ಅರಿಕೆ ಮಾಡಬೇಕೆಂದರೆ ಸುಮ್ಮನಾಗುವನು.

ಅಮೆರಿಕ ದೇಶದ ಜಾನ್ ಡ್ಯೂಯಿ ಎಂಬ ಪಂಡಿತರು 1910ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಲೋಚನೆಯು ತೊಡಕಿನಿಂದಲೇ ಹುಟ್ಟುವುದೆಂದು ಪ್ರತಿಪಾದಿಸಿದರು. ತೊಡಕು ಅನುಭವಕ್ಕೆ ಬರಬೇಕು. ಅದು ಇಂಥದೆಂದು ಗೊತ್ತಾಗಬೇಕು. ಪರಿಹಾರವನ್ನು ಊಹಿಸಿ, ಆ ಊಹೆಯ ಫಲವನ್ನು ಯೋಚಿಸಿ, ಕಡೆಗೆ ಕಣ್ಣಾರೆ ಪರೀಕ್ಷಿಸಿ ಒಪ್ಪಬೇಕು ಅಥವಾ ಬಿಡಬೇಕು. ಬೆಳೆಗೆ ರೋಗ ತಗುಲಿದಾಗ ನಮ್ಮ ರೈತನು ಮಾಡುವುದೂ ಇದನ್ನೇ.

ಬಾಶೆಟ್ಟಿಹಳ್ಳಿಯಲ್ಲಿ ಇಂಥ ಸಮಸ್ಯೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರದ ಸೀಮೆಯನ್ನು ಹಾಯ್ದು ಹೆಸರಘಟ್ಟದ ಕಡೆಗೆ ಇಳಿಯುವುದು. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯ ನೀರು ಬಂದದ್ದು ಆ ಹೆಸರಘಟ್ಟದಿಂದಲೇ. ಇತ್ತೀಚಿನ ವರ್ಷಗಳಲ್ಲಿ ಈ ಪ್ರಾಂತ್ಯದ ದೊಡ್ಡತುಮಕೂರು, ಮಜರಾಹೊಸಹಳ್ಳಿಗಳ ಜನರು ತಮ್ಮ ಕೆರೆಗಳಿಗೆ ಪಟ್ಟಣದ ಕೊಳಚೆಯೂ ಕಾರ್ಖಾನೆಗಳ ಕಲ್ಮಷವೂ ಸೇರುತ್ತಿರುವುದೆಂದು ಹೋರಾಡಿದ್ದಾರೆ. ಅಜ್ಜಿಯು ಕುಡಿದ ಕೆರೆಯ ನೀರನ್ನು ನಾವೇಕೆ ಕುಡಿಯಲಾರೆವು? ಐದನೆಯ ತರಗತಿಗೆ ಈ ಒಂದು ಪ್ರಶ್ನೆ ಸಾಕು. ಮಕ್ಕಳು ಹಿರಿಯರನ್ನು ವಿಚಾರಿಸಲಿ; ಕಾಲುವೆಗಳ ನಕ್ಷೆಯನ್ನು ಬರೆಯಲಿ; (ನೀರನ್ನು ಮುಟ್ಟದಂತೆ ಉಪಾಧ್ಯಾಯರು ಕಾಯತಕ್ಕದ್ದು;) 1974ರ ಜಲಮಾಲಿನ್ಯದ ಕಾನೂನು ಯಾರಿಗೆ ಯಾವ ಹೊಣೆಯನ್ನು ವಹಿಸಿದೆಯೆಂದು ಕೇಳಿ ತಿಳಿಯಲಿ. ಭೂಗೋಳ, ಚರಿತ್ರೆ, ಪೌರನೀತಿಗಳು ಇಲ್ಲಿ ತಾವಾಗಿಯೇ ಕೂಡುವುವು.

ಕಷ್ಟವು ಇದಾದ ಮೇಲೆ ಬರುವುದು. ಇಲ್ಲಿಯ ಅನೇಕ ಮಕ್ಕಳ ತಂದೆತಾಯಿಗಳು ಆ ಕಾರ್ಖಾನೆಗಳಲ್ಲಿಯೇ ದುಡಿಯತಕ್ಕವರು. ದೂರದ ಪ್ರಾಂತ್ಯಗಳಿಂದ ಹೊಟ್ಟೆಪಾಡಿಗಾಗಿ ಬಂದವರೂ ಉಂಟು. ಕಾರ್ಖಾನೆಯನ್ನು ಮುಚ್ಚಿಸಬೇಕೆಂದು ಒಂದು ಮಗು ಹೇಳಿದರೆ, ಹಾಗಾದರೆ ನಮ್ಮಪ್ಪನಿಗೆ ಕೆಲಸವೆಲ್ಲಿ ಎಂದು ಮತ್ತೊಂದು ಮಗು ಕೇಳುವುದು ಸಹಜ. ಆಗ ತೀರ್ಪು ಕೊಟ್ಟುಬಿಡುವ ಆಸೆ ಉಪಾಧ್ಯಾಯನಿಗೆ ಹುಟ್ಟುವುದು. ಅದನ್ನು ಅವನು ಅದುಮಿಕೊಳ್ಳಬೇಕೆಂಬುದು ನನ್ನ ದೃಢಾಭಿಪ್ರಾಯ. ನೀರನ್ನು ಶುದ್ಧಿಮಾಡಿ ಹೊರಬಿಡಲಾಗದೆ? ಅದರ ವೆಚ್ಚವನ್ನು ಯಾರು ಹೊರಬೇಕು? ನಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುವುದು? ಹೀಗೆ ಕೇಳಿ ಇಬ್ಬರು ಮಕ್ಕಳನ್ನೂ ಮರಳಿ ಶೋಧನೆಗೆ ಕಳುಹಬೇಕು. ಯಾವ ಮಗುವೂ ತನ್ನ ತಂದೆಯ ಕಸುಬಿಗಾಗಿ ತರಗತಿಯಲ್ಲಿ ತಲೆತಗ್ಗಿಸುವಂತಾಗಬಾರದು.

ಎಲ್ಲ ಪಾಠಗಳನ್ನೂ ಹೀಗೆಯೇ ನಡೆಸಬೇಕೆಂದು ನಾನು ಹೇಳುವುದಿಲ್ಲ. ರಾಜರ ಕಾಲವನ್ನೂ ರಾಜ್ಯದ ಎಲ್ಲೆಗಳನ್ನೂ ಹೇಳಿಯೇ ಕೊಡಬೇಕು. ಪಾಠಗಳನ್ನು ಮುಗಿಸುವ ಅವಸರವನ್ನೂ ನಾನು ಬಲ್ಲೆ. ವರ್ಷಕ್ಕೆ ಇಂಥ ಎರಡು ಸಮಸ್ಯೆಗಳಾದರೂ ಸಾಕು. ಕಂಡುಕೊಂಡುದನ್ನು ಮಕ್ಕಳು ಪತ್ರರೂಪವಾಗಿ ಬರೆದು ಪಂಚಾಯತಿಗೆ ಸಲ್ಲಿಸಲಿ. ಸುತ್ತಣ ಹಳ್ಳಿಗಳಲ್ಲಾದರೆ ಮಕ್ಕಳ ಗ್ರಾಮಸಭೆಯಲ್ಲಿ ಓದಲಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಏಕೆ ಬರಲಿಲ್ಲವೆಂಬುದನ್ನೇ ಮುಂದಿನ ಪಾಠವಾಗಿ ತೆಗೆದುಕೊಳ್ಳಬಹುದು.