ಭಂಗಿ ಗಿಡದ ಎಣ್ಣೆ: ಚರ್ಮಕ್ಕೆ ಒದಗಬಹುದಾದ ಅಪಾಯ
(ಮುಂಬಯಿಯ ಜೋಗೇಶ್ವರಿಯ ಕನ್ನಡಿಗರಿಗಾಗಿ ಸಿದ್ಧಪಡಿಸಿದ ಭಾಷಣ)



ಜೋಗೇಶ್ವರಿಯಂತಹ ಉಪನಗರದಲ್ಲಿ ಹಲವು ನಾಡುಗಳ ಜನರು ಒಂದೇ ಚಾಳಿನಲ್ಲಿ, ಒಂದೇ ರೈಲುಡಬ್ಬಿಯಲ್ಲಿ ಕೂಡಿ ಬಾಳುತ್ತಾರೆ. ಸುಖದುಃಖದ ಮಾತುಗಳೊಡನೆ ಔಷಧದ ಸಲಹೆಗಳೂ ಬಾಯಿಂದ ಬಾಯಿಗೆ ಸಾಗುತ್ತವೆ. ಮಂಡಿನೋವಿಗೆ, ನಿದ್ರಾಹೀನತೆಗೆ, ಮೂರ್ಛೆರೋಗಕ್ಕೆ ಒಳ್ಳೆಯದೆಂದು ಈಚಿನ ವರ್ಷಗಳಲ್ಲಿ ಕೇಳಿಬರುತ್ತಿರುವ ಒಂದು ವಸ್ತು ಕ್ಯಾನಬಿಡಿಯಾಲ್ ಎಣ್ಣೆ. “ಗಿಡದಿಂದ ತೆಗೆದದ್ದು, ಆದ್ದರಿಂದ ಅಪಾಯವಿಲ್ಲ” ಎಂಬ ಮಾತೂ ಅದರ ಜೊತೆಗೇ ಬರುತ್ತದೆ. ಈ ನಂಬಿಕೆಯನ್ನು ಪರಿಶೀಲಿಸುವುದು ಅಗತ್ಯವಾಗಿದೆ.

ಕ್ಯಾನಬಿಡಿಯಾಲ್ ಎಂಬುದು ಭಂಗಿ ಗಿಡದಲ್ಲಿರುವ ಒಂದು ರಾಸಾಯನಿಕ ವಸ್ತು. ಅಮಲೇರಿಸುವ ಅಂಶ ಇದಲ್ಲ, ಅದು ಬೇರೆಯದು. ಮಕ್ಕಳಲ್ಲಿ ಕಾಣಿಸಿಕೊಳ್ಳುವ ಕೆಲವು ಕಠಿಣ ಸ್ವರೂಪದ ಮೂರ್ಛೆರೋಗಗಳಿಗೆ ಶುದ್ಧೀಕರಿಸಿದ ಕ್ಯಾನಬಿಡಿಯಾಲ್ ಔಷಧವನ್ನು ಅಮೆರಿಕವು 2018ರಲ್ಲಿ ಅಂಗೀಕರಿಸಿತು. ಅಂದರೆ ಈ ವಸ್ತುವಿಗೆ ಗುಣವಿರುವುದು ನಿಜ. ಆದರೆ ಗುಣವುಳ್ಳ ಔಷಧಕ್ಕೆ ದೋಷವೂ ಇರಬಲ್ಲದು. ಯಕೃತ್ತಿಗೆ ಹಾನಿ, ಅತಿಯಾದ ಮಂಪರು, ಚರ್ಮದ ಮೇಲೆ ದದ್ದು ಇವು ಅದರ ಅಡ್ಡ ಪರಿಣಾಮಗಳು.

ಅತ್ಯಂತ ವಿರಳವಾದರೂ ಅತ್ಯಂತ ಭೀಕರವಾದ ಪರಿಣಾಮವೆಂದರೆ ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್. 1922ರಲ್ಲಿ ಅಮೆರಿಕದ ಇಬ್ಬರು ವೈದ್ಯರು ಇದನ್ನು ವರ್ಣಿಸಿದ್ದರಿಂದ ಅವರ ಹೆಸರೇ ಉಳಿಯಿತು. ಅಂಗಡಿಯಲ್ಲಿ ದೊರೆಯುವ ಕ್ಯಾನಬಿಡಿಯಾಲ್ ಎಣ್ಣೆಯನ್ನು ಸೇವಿಸಿದ ಮಹಿಳೆಯೊಬ್ಬರಿಗೆ ಈ ವ್ಯಾಧಿ ತಗುಲಿದ ಪ್ರಕರಣವನ್ನು ಅಮೆರಿಕದ ವೈದ್ಯರು 2020ರಲ್ಲಿ ವರದಿ ಮಾಡಿದರು. ಈ ವ್ಯಾಧಿಯಲ್ಲಿ ದೇಹದ ರಕ್ಷಣಾ ಕಣಗಳು ಔಷಧದ ನಿಮಿತ್ತ ತಮ್ಮದೇ ಚರ್ಮದ ಮೇಲೆ ಎರಗುತ್ತವೆ. ಮೇಲ್ಪದರವು ಸುಟ್ಟಗಾಯದಂತೆ ಸುಲಿಯುತ್ತದೆ. ಸುಲಿದ ಭಾಗವು ದೇಹದ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಈ ಹೆಸರು. ಶೇಕಡಾ 30ನ್ನು ಮೀರಿದರೆ ಅದಕ್ಕೆ ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲಿಸಿಸ್ ಎಂದು ಹೆಸರು. ಎರಡನೆಯ ಸ್ಥಿತಿಯಲ್ಲಿ ಸುಮಾರು ಮೂರರಲ್ಲಿ ಒಬ್ಬರು ಬದುಕುಳಿಯುವುದಿಲ್ಲ. ಉಳಿದವರಲ್ಲಿಯೂ ಕೆಲವರು ದೃಷ್ಟಿ ಕಳೆದುಕೊಳ್ಳುತ್ತಾರೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಈ ವ್ಯಾಧಿಗೆ ಹೆಚ್ಚಾಗಿ ಕಾರಣವಾಗುವುದು ಭಂಗಿ ಎಣ್ಣೆಯಲ್ಲ. ಮೂರ್ಛೆರೋಗದ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಮ್ಲ ತಗ್ಗಿಸುವ ಅಲೊಪ್ಯೂರಿನಾಲ್, ಸಲ್ಫಾ ಮಾತ್ರೆಗಳು ಹಾಗೂ ಕೆಲವು ನೋವುನಿವಾರಕಗಳು. ಆದರೆ ಎಣ್ಣೆಯನ್ನು ಬಯಸುವವರು ಬಹುಮಟ್ಟಿಗೆ ಮೂರ್ಛೆರೋಗಿಗಳೂ ನೋವಿನಿಂದ ಬಳಲುವವರೂ ಆಗಿರುವುದರಿಂದ ಎರಡೂ ಒಂದೇ ಮನೆಯಲ್ಲಿ, ಒಂದೇ ಶರೀರದಲ್ಲಿ ಕೂಡುತ್ತವೆ. ಕ್ಯಾನಬಿಡಿಯಾಲ್ ಯಕೃತ್ತಿನ ಕಿಣ್ವಗಳನ್ನು ತಡೆದು ಇತರ ಕೆಲವು ಔಷಧಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು. ವೈದ್ಯರಿಂದ ಎಣ್ಣೆಯ ವಿಷಯವನ್ನು ಮುಚ್ಚಿಟ್ಟರೆ ನಿಜವಾದ ಕಾರಣ ಯಾವುದೆಂದು ತಿಳಿಯುವುದು ಕಷ್ಟವಾಗುತ್ತದೆ.

ಸೀಸೆಯೊಳಗೆ ಏನಿದೆ ಎಂಬುದೂ ಸಂದೇಹಾಸ್ಪದವೇ. ಅಮೆರಿಕದಲ್ಲಿ ಅಂತರ್ಜಾಲದ ಮೂಲಕ ಕೊಂಡ 84 ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ, ಚೀಟಿಯಲ್ಲಿ ನಮೂದಿಸಿದ ಪ್ರಮಾಣವು ಸರಿಯಾಗಿದ್ದದ್ದು ಕೇವಲ 26ರಲ್ಲಿ. 18ರಲ್ಲಿ ಅಮಲಿನ ಅಂಶವೂ ಇತ್ತು. ನಮ್ಮ ದೇಶದ 1985ರ ಮಾದಕ ವಸ್ತುಗಳ ಕಾಯಿದೆಯು ಹೂವಿನ ತುದಿಗಳಿಲ್ಲದ ಎಲೆ ಹಾಗೂ ಬೀಜಗಳನ್ನು ಗಾಂಜಾ ಎಂದು ಪರಿಗಣಿಸುವುದಿಲ್ಲ. ಹಾಗೆಂದು ಭಂಗಿಯು ನಿರ್ಬಂಧರಹಿತವಲ್ಲ. 1945ರ ಔಷಧ ನಿಯಮಗಳ ಇ(1) ಅನುಸೂಚಿಯು, ಬೀಜವನ್ನು ಹೊರತುಪಡಿಸಿ, ಭಂಗಿಯನ್ನು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಅದನ್ನೊಳಗೊಂಡ ಸೇವನೆಯ ಔಷಧದ ಸೀಸೆಯ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಇರಲೇಬೇಕು. ಗಿಡಮೂಲಿಕೆಯ ಬಗ್ಗೆ ನಮ್ಮ ಪ್ರಾಚೀನ ವೈದ್ಯಪದ್ಧತಿಯೂ ಎಚ್ಚರದಿಂದಲೇ ಇತ್ತೆಂಬುದನ್ನು ಮರೆಯಲಾಗದು.

ಯಾವ ಲಕ್ಷಣಗಳನ್ನು ಗಮನಿಸಬೇಕು? ಹೊಸ ಔಷಧವನ್ನು ಆರಂಭಿಸಿದ ಕೆಲವು ದಿನಗಳಿಂದ ಎಂಟು ವಾರಗಳೊಳಗೆ ಜ್ವರ, ಗಂಟಲುನೋವು, ಕಣ್ಣುರಿ ಮೊದಲು ಬರಬಹುದು. ಅನಂತರ ನೋವಿನಿಂದ ಕೂಡಿದ ಕೆಂಪು ಅಥವಾ ಕಪ್ಪುಮಿಶ್ರಿತ ಮಚ್ಚೆಗಳು, ಗುಳ್ಳೆಗಳು, ಬಾಯಿ, ಕಣ್ಣು ಹಾಗೂ ಗುಪ್ತಾಂಗಗಳಲ್ಲಿ ಹುಣ್ಣು ಕಾಣಿಸುತ್ತವೆ. ಇದನ್ನು ಸೆಕೆಬೊಕ್ಕೆ ಎಂದೋ ಅಮ್ಮ ಎಂದೋ ಭಾವಿಸಿ ಮನೆಯಲ್ಲಿಯೇ ಕಾಯುವುದು ಪ್ರಾಣಾಪಾಯಕರ. ಶಂಕಿಸಿದ ಔಷಧವು ಎಷ್ಟು ಬೇಗ ನಿಲ್ಲುವುದೋ ಬದುಕುವ ಸಾಧ್ಯತೆ ಅಷ್ಟು ಹೆಚ್ಚು. ಮೂರ್ಛೆರೋಗದ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಬೇರೊಂದು ಅಪಾಯವಿರುವುದರಿಂದ, ಆ ನಿರ್ಧಾರವು ವೈದ್ಯರದಾಗಬೇಕು. ಅದಕ್ಕಾಗಿಯೇ ಅದೇ ದಿನ, ತಡಮಾಡದೆ, ಆಸ್ಪತ್ರೆಗೆ ಹೋಗಬೇಕು. ಜೋಗೇಶ್ವರಿ ಪೂರ್ವದಲ್ಲಿ ಮಹಾನಗರಪಾಲಿಕೆಯ ಟ್ರಾಮಾ ಆಸ್ಪತ್ರೆಯಿದೆ. ಸಮೀಪದ ವಿಲೆ ಪಾರ್ಲೆಯಲ್ಲಿ ಕೂಪರ್ ಆಸ್ಪತ್ರೆಯಿದೆ. ಹೋಗುವಾಗ ರೋಗಿಯು ಸೇವಿಸುತ್ತಿದ್ದ ಮಾತ್ರೆ, ಎಣ್ಣೆ, ಲೇಹ್ಯ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗುವುದು ಉತ್ತಮ. ಗುಳ್ಳೆಗಳನ್ನು ಒಡೆಯಬಾರದು, ಅರಿಶಿನವನ್ನಾಗಲಿ ಸುಣ್ಣವನ್ನಾಗಲಿ ಹಚ್ಚಬಾರದು.

ಔಷಧದಿಂದಾದ ತೊಂದರೆಯನ್ನು ದಾಖಲಿಸುವುದು ನಾಗರಿಕರ ಕರ್ತವ್ಯವೂ ಹೌದು. ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮವು 2010ರಲ್ಲಿ ಆರಂಭವಾಯಿತು. 2011ರಿಂದ ಘಾಜಿಯಾಬಾದಿನ ಭಾರತೀಯ ಔಷಧಸಂಹಿತಾ ಆಯೋಗವು ಅದನ್ನು ನಡೆಸುತ್ತಿದೆ. ವೈದ್ಯರಷ್ಟೇ ಅಲ್ಲ, ರೋಗಿಯೂ ಅವರ ಮನೆಯವರೂ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ಕೆಲಸದ ದಿನಗಳಲ್ಲಿ ತಿಳಿಸಬಹುದು. ಒಬ್ಬರ ಅನುಭವವು ದಾಖಲೆಯಾದಾಗ ಅದು ಇನ್ನೊಬ್ಬರಿಗೆ ಮುನ್ನೆಚ್ಚರಿಕೆಯಾಗುತ್ತದೆ.

ಗಿಡದ್ದಾಗಲಿ ಕಾರ್ಖಾನೆಯದಾಗಲಿ, ಔಷಧವು ಔಷಧವೇ. ಅದನ್ನು ತಿಳಿದವರ ಸಲಹೆಯಂತೆ, ಅಳತೆಯರಿತು ಸೇವಿಸಿ. ದೇಹವು ನೀಡುವ ಮೊದಲ ಸೂಚನೆಯನ್ನು ಕಡೆಗಣಿಸದಿರಿ.